ಡಾಂಗಲ್ ಪಂಚಾಂಗ

ನಮ್ಮ ಮನೆಯ ಕಿಟಕಿ ಸರಳಿಗೆ ಒಂದು ಪ್ಲಾಸ್ಟಿಕ್ ಕವರ್ ನೇತಾಡುತ್ತದೆ. ಅದರೊಳಗೆ ಸೋಪಿನ ಗಾತ್ರದ ಕರಿ ಡಬ್ಬಿ. ಅಂಗಡಿಯವನು ಹಾಟ್‌ಸ್ಪಾಟ್ ಎಂದು ಮಾರಿದ. ಊರೆಲ್ಲ ಡಾಂಗಲ್ ಅನ್ನುತ್ತದೆ. ಮನೆಯ ಬೇರೆ ಯಾವ ಮೂಲೆಯಲ್ಲಿಟ್ಟರೂ ಅದಕ್ಕೆ ಟವರ್ ಸಿಗುವುದಿಲ್ಲ. ಹಾಗಾಗಿ ನೇಣು.

ವೈರಿನ ಇಂಟರ್ನೆಟ್ ಹಾಕಿಸಿಕೊಳ್ಳಬಾರದೇ ಎಂದು ಬೆಂಗಳೂರಿನ ನೆಂಟರು ಬುದ್ಧಿ ಹೇಳುತ್ತಾರೆ. ಕೇಳಿಯಾಗಿದೆ ಸ್ವಾಮಿ. ನಾನಿರುವುದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ. 'ನಿಮ್ಮ ಬೀದಿಗೆ ಲೈನ್ ಬಂದಿಲ್ಲ ಸಾರ್, ಮುಂದಿನ ತಿಂಗಳು' ಎಂದವನು ಮೂರು ವರ್ಷದಿಂದ ಅದನ್ನೇ ಹೇಳುತ್ತಿದ್ದಾನೆ. ಅವನ ತಿಂಗಳಿಗೆ ಎಷ್ಟು ದಿನವೋ ಕಾಣೆ. ನನ್ನ ತಿಂಗಳಿಗೆ ಮಾತ್ರ ಇಪ್ಪತ್ತೆಂಟೇ ದಿನ.

ಸಂಬಳ 28 ದಿನಕ್ಕೊಮ್ಮೆ ಬರುವುದಿಲ್ಲ. ಪಿಂಚಣಿಯೂ ಬರುವುದಿಲ್ಲ. ಬಾಡಿಗೆ ವಸೂಲಿಯಲ್ಲಿ ಯಮನಂಥ ಮಾಲೀಕ ಕೂಡ ಒಂದನೇ ತಾರೀಕಿನವರೆಗೆ ತಾಳುತ್ತಾನೆ. ಪ್ರಿಪೇಯ್ಡ್ ತಾಳುವುದಿಲ್ಲ. ವರ್ಷಕ್ಕೆ ಹನ್ನೆರಡು ತಿಂಗಳು ಎಂದು ಕಲಿಸಿದ ಮೇಷ್ಟ್ರ ಲೆಕ್ಕ ತಪ್ಪು. ಹದಿಮೂರು ರೀಚಾರ್ಜ್ ಸೇರಿದರೆ 364 ದಿನ. ಉಳಿದ ಒಂದು ದಿನ ಅನಾಥ.

ನಮ್ಮ ಹಿರಿಯರ ಪಂಚಾಂಗದಲ್ಲೂ ಹದಿಮೂರನೇ ತಿಂಗಳುಂಟು. ಆದರೆ ಅಧಿಕ ಮಾಸ ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಬರುವಷ್ಟು ಮರ್ಯಾದೆ ಇಟ್ಟುಕೊಂಡಿದೆ. ಮೊಬೈಲ್ ಕಂಪನಿಗಳ ಅಧಿಕ ಮಾಸ ವರ್ಷ ವರ್ಷವೂ ಬರುತ್ತದೆ. ಅಧಿಕ ಮಾಸದಲ್ಲಿ ಅಳಿಯನನ್ನು ಕೂರಿಸಿ ಸತ್ಕರಿಸುತ್ತಾರೆ. ಇಲ್ಲಿ ಅಳಿಯ ಯಾರು, ಮಾವ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೂ ಈ 28 ದಿನದ ಲೆಕ್ಕ ಕಂಡಿತ್ತು. 2022ರ ಜನವರಿಯಲ್ಲಿ ಆದೇಶವೇ ಹೊರಟಿತು: ಮೂವತ್ತು ದಿನದ ಪ್ಯಾಕ್ ಕನಿಷ್ಠ ಒಂದಾದರೂ ಇರಲಿ, ಪ್ರತಿ ತಿಂಗಳು ಅದೇ ತಾರೀಕಿಗೆ ರೀಚಾರ್ಜ್ ಮಾಡಿಸುವಂಥದ್ದೂ ಒಂದಿರಲಿ. ಗಮನಿಸಿ, ಒಂದಾದರೂ. ತಿಂಗಳಿಗೆ ಮೂವತ್ತು ದಿನ ಎಂಬುದನ್ನು ಒಪ್ಪಿಸಲು ದೇಶಕ್ಕೆ ಒಂದು ಪ್ರಾಧಿಕಾರದ ಆದೇಶ ಬೇಕಾಯಿತು. ಆ ಪ್ಯಾಕ್ ಹಾಕಪ್ಪಾ ಎಂದು ಅಂಗಡಿಯಲ್ಲಿ ಕೇಳಿದೆ. ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. 'ಅದು ಯಾರೂ ಹಾಕ್ಸಲ್ಲ ಸಾರ್' ಅಂದ. ಹಾಕಿಸುವವನು ಎದುರಿಗೇ ನಿಂತಿದ್ದೆ.

ಇನ್ನು 'ಅನ್‌ಲಿಮಿಟೆಡ್'. ಈ ಪದ ಕಂಡುಹಿಡಿದವನಿಗೆ ಸನ್ಮಾನ ಮಾಡಬೇಕು. ಪೇಟ, ಶಾಲು, ಹಣ್ಣಿನ ಬುಟ್ಟಿ ಸಮೇತ. ಪೋಸ್ಟರಿನಲ್ಲಿ ಅನ್‌ಲಿಮಿಟೆಡ್ ಆನೆ ಗಾತ್ರ. ಕೆಳಗೆ ಇರುವೆ ಸಾಲಿನಲ್ಲಿ: ದಿನಕ್ಕೆ ಒಂದೂವರೆ ಜಿಬಿ, ಆಮೇಲೆ ವೇಗ 64 ಕೆಬಿಪಿಎಸ್.

ನಾನು ಲೆಕ್ಕ ಹಾಕಿದೆ. ಬೇರೆ ಏನು ಮಾಡಲಿ, ಪುಟ ತೆರೆಯುವವರೆಗೆ ಸಮಯ ಬೇಕಾದಷ್ಟಿತ್ತು. 64 ಕೆಬಿಪಿಎಸ್‌ನಲ್ಲಿ ಒಂದು ಜಿಬಿ ಇಳಿಯಲು ಸುಮಾರು 35 ಗಂಟೆ ಬೇಕು. ಊಟ ನಿದ್ದೆ ಬಿಟ್ಟು ಇಪ್ಪತ್ನಾಲ್ಕು ಗಂಟೆ ಇಳಿಸಿಕೊಂಡರೂ 691 ಎಂಬಿ ದಾಟುವುದಿಲ್ಲ. ಅಲ್ಲಿಗೆ ಅನಂತದ ಅಳತೆ ಸಿಕ್ಕಿತು. ವೇದಾಂತಿಗಳು ಸಾವಿರಾರು ವರ್ಷ ತಿಣುಕಾಡಿದ್ದನ್ನು ನನ್ನ ಕಿಟಕಿಯ ಡಬ್ಬಿ ಒಂದೇ ಸಂಜೆಗೆ ತಿಳಿಸಿತು.

2 ಎಂಬಿಪಿಎಸ್‌ಗಿಂತ ಕಡಿಮೆ ಇದ್ದರೆ ಅದು ಬ್ರಾಡ್‌ಬ್ಯಾಂಡೇ ಅಲ್ಲ ಎಂದು 2023ರಲ್ಲಿ ಸರ್ಕಾರವೇ ಹೇಳಿತು. ಸಂಜೆ ಏಳರ ಮೇಲೆ ನನಗೆ ಸಿಗುವುದು ಅದರ ಮೂವತ್ತನೇ ಒಂದು ಪಾಲೂ ಅಲ್ಲ. ಇದೇ ಸರ್ಕಾರದ ಕಚೇರಿಗೆ ಹೋದರೆ 'ಆನ್‌ಲೈನಲ್ಲಿ ಹಾಕಿ'. ಆನ್‌ಲೈನಲ್ಲಿ ಹಾಕಿದರೆ 'ಪ್ರಿಂಟ್ ತನ್ನಿ'. ಇಂಡಿಯಾ ಡಿಜಿಟಲ್ ಆಗಿದ್ದು 2015ರ ಜುಲೈ 1ಕ್ಕೆ. ಡೇಟಾ ಮಾತ್ರ ನನ್ನದು.

ಬಂಗಾರಪೇಟೆಯ ಪಾನಿಪುರಿ ನೀರಿಗೆ ಬಣ್ಣವಿಲ್ಲ. ನೋಡಿದರೆ ನಲ್ಲಿ ನೀರು, ಬಾಯಿಗಿಟ್ಟರೆ ನೆತ್ತಿಗೇರುತ್ತದೆ. ಪ್ರಿಪೇಯ್ಡ್ ಪ್ಲಾನ್ ಇದರ ಉಲ್ಟಾ. ಬಣ್ಣವೋ ಬಣ್ಣ, ಬಾಯಿಗಿಟ್ಟರೆ ನಲ್ಲಿ ನೀರು. ಪಾನಿಪುರಿಯವನು ಕೊನೆಗೊಂದು ಪುರಿ ಹೆಚ್ಚಿಗೆ ಕೊಡುತ್ತಾನೆ. ಉಳಿದ ಡೇಟಾವನ್ನು ನಾಳೆಗೆ ಕೊಡಿ ಎಂದರೆ ಇವರು ಕೊಡುವುದಿಲ್ಲ. ದುಡ್ಡು ಕೊಟ್ಟು ಕೊಂಡ ಡೇಟಾ ರಾತ್ರಿ ಹನ್ನೆರಡಕ್ಕೆ ಹಳಸುತ್ತದೆ. ಚಿತ್ರಾನ್ನವೇ ಬೆಳಗಿನವರೆಗೆ ಇರುತ್ತದೆ.

ಒಂದು ದಿನ ಡಬ್ಬಿ ಪೂರ್ತಿ ನಿಂತಿತು. ಸಹಾಯವಾಣಿಗೆ ಫೋನ್ ಮಾಡಿದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹದಿನೆಂಟು ನಿಮಿಷ ಹಾಡು ಕೇಳಿಸಿದರು. ಆಮೇಲೆ ಒಬ್ಬಾಕೆ, 'ತೊಂದರೆ ಇರುವ ನಂಬರಿಂದಲೇ ಕರೆ ಮಾಡಿ ಸಾರ್' ಅಂದಳು. ತಾಯೀ, ತೊಂದರೆ ಇರುವುದು ಡಾಂಗಲ್ಲಿಗೆ. ಅದಕ್ಕೆ ಬಾಯಿಯೂ ಇಲ್ಲ, ಕಿವಿಯೂ ಇಲ್ಲ.

'ಸರಿ ಸಾರ್, ಒಂದು ಒಟಿಪಿ ಕಳಿಸಿದ್ದೀವಿ, ಹೇಳಿ.' ಒಟಿಪಿ ಎಲ್ಲಿಗೆ ಹೋಯಿತು? ಡಾಂಗಲ್ಲಿನೊಳಗಿನ ಸಿಮ್ಮಿಗೆ. ಡಾಂಗಲ್ಲಿಗೆ ಸ್ಕ್ರೀನ್ ಇಲ್ಲ. ಸಿಮ್ ಕಿತ್ತು ಫೋನಿಗೆ ಹಾಕಬೇಕಾದರೆ ಫೋನಿನಲ್ಲಿರುವ ಸಿಮ್ ಕೀಳಬೇಕು. ಆ ಸಿಮ್ಮಿನಲ್ಲೇ ನಾನು ಆಕೆಯೊಂದಿಗೆ ಮಾತಾಡುತ್ತಿದ್ದೇನೆ. ಕಿತ್ತೆ. ಕರೆ ಕಟ್ಟಾಯಿತು. ಒಟಿಪಿ ಬಂತು. ಕೇಳುವವರಿರಲಿಲ್ಲ. ಮರುದಿನ ಮೆಸೇಜ್: ನಿಮ್ಮ ದೂರು ಪರಿಹಾರವಾಗಿದೆ, ಐದಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ?

ಇದೆಲ್ಲ ಎಂಥ ಊರಿನಲ್ಲಿ ನಡೆಯುತ್ತಿದೆ ನೋಡಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದದ್ದು ಈ ಊರಿನ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಚಿನ್ನ ಬೇಕಿತ್ತು, ತಂತಿ ಬಂತು. ಈಗ ಚಿನ್ನವಿಲ್ಲ. ಫೈಬರ್ ಮುಂದಿನ ತಿಂಗಳು.

1965ರಲ್ಲಿ ಇದೇ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ವಿಜ್ಞಾನಿಗಳು ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ನ್ಯೂಟ್ರಿನೋ ಹಿಡಿದರು. ಭೂಮಿಯನ್ನೇ ತೂರಿ ಹೋಗುವ ಕಣ ಅದು. ಪಾತಾಳದಲ್ಲಿ ಅದಕ್ಕೆ ಸಿಗ್ನಲ್ ಇತ್ತು. ನನ್ನ ಡಬ್ಬಿಯ ಸಿಗ್ನಲ್ ಅಡುಗೆಮನೆಯ ಗೋಡೆ ದಾಟುವುದಿಲ್ಲ.

ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಾಗುತ್ತದೆ. ಊರಿನ ಹೆಸರಿನ ಸಿನಿಮಾ ದೇಶವನ್ನೇ ಕುಣಿಸಿತು. ಅದರ ಹಾಡು ನಮ್ಮ ಮನೆಯಲ್ಲಿ ಇವತ್ತಿಗೂ ಗಿರಗಿರ ಸುತ್ತುತ್ತಿದೆ. ಹಾಡಲ್ಲ, ಆ ಬಿಳಿ ಚಕ್ರ.

ಇನ್ನೊಂದು ಸಂಗತಿ. 1930ರಲ್ಲಿ ಗಣಿ ಕಂಪನಿ ಬೆರಳಚ್ಚು ಕೇಳಿತೆಂದು ಇಲ್ಲಿನ ಸಾವಿರಾರು ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ನಾವೇನು ಕಳ್ಳರಾ ಎಂಬುದು ಅವರ ಪ್ರಶ್ನೆ. ಅದೇ ಊರಿನವನಾದ ನಾನು ಈ ಸಿಮ್ಮಿಗಾಗಿ ಬೆರಳು ಒತ್ತಿದೆ. ಒಂದು ಸಲವಲ್ಲ, ನಾಲ್ಕು ಸಲ. ಸರ್ವರ್ ಡೌನ್ ಇತ್ತು. ಪ್ರತಿ ಸಲವೂ ಹುಡುಗನಿಗೆ ಥ್ಯಾಂಕ್ಸ್ ಬೇರೆ ಹೇಳಿದೆ.

ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ರೈಲಿನಲ್ಲೂ ಇದೇ ಕಥೆ. ನಾಲ್ಕು ಸೀಟಿಗೊಂದು ಹಾಟ್‌ಸ್ಪಾಟ್, ಅದಕ್ಕೆ ಆರು ಭಿಕ್ಷುಕರು. ಬಂಗಾರಪೇಟೆ ದಾಟಿ ಟೇಕಲ್ ಸಮೀಪಿಸುವಷ್ಟರಲ್ಲಿ ಆರೂ ತಲೆ ಒಟ್ಟಿಗೆ ಮೇಲೇಳುತ್ತವೆ. ನೆಟ್ ಹೋಯಿತು ಎಂದು ಯಾರೂ ಹೇಳಬೇಕಿಲ್ಲ. ಮಾಲೂರಿನ ತನಕ ಪಕ್ಕದವರ ಮುಖ ನೋಡಿಕೊಂಡು ಕೂರುವ ಶಿಕ್ಷೆ.

ಮನೆಯಲ್ಲಿ ಮಗಳಿಗೆ ಪರೀಕ್ಷೆ. ಪಾಠದ ವಿಡಿಯೋ ಇಳಿಸಬೇಕು. ಹೊಸ ದಿನದ ಡೇಟಾ ಬರುವುದು ಹನ್ನೆರಡಕ್ಕೆ. ಊರು ಮಲಗಿದಾಗ ಟವರ್ ಸ್ವಲ್ಪ ಉಸಿರಾಡುತ್ತದೆ. ಹಾಗಾಗಿ ಅಲಾರಂ ಇಟ್ಟು ಏಳುತ್ತೇನೆ. ಡಬ್ಬಿಯನ್ನು ಕಿಟಕಿಯಿಂದ ಬಿಚ್ಚಿ, ಸ್ವೆಟರ್ ಹಾಕಿ, ಮಹಡಿ ಹತ್ತುತ್ತೇನೆ. ಕೈ ಮೇಲೆತ್ತಿ ನಿಲ್ಲುತ್ತೇನೆ. ದೂರದಲ್ಲಿ ಗಣಿ ತ್ಯಾಜ್ಯದ ಸೈನೈಡ್ ದಿಬ್ಬ ಬೆಳದಿಂಗಳಿಗೆ ಬೆಳ್ಳಗೆ ಕಾಣುತ್ತದೆ.

ಪಕ್ಕದ ಮನೆಯ ತಾತನಿಗೆ ನಿದ್ದೆ ಬರುವುದಿಲ್ಲ. ಚಾಂಪಿಯನ್ ರೀಫ್ ಗಣಿಯಲ್ಲಿ ಮೂವತ್ತು ವರ್ಷ ಕೆಳಗಿಳಿದವರು. 2001ರ ಫೆಬ್ರವರಿಯಲ್ಲಿ ಗಣಿಗೆ ಬೀಗ ಬಿದ್ದಾಗ ಕೆಲಸ ಹೋಯಿತು. ತಾರೀಕು? ಇಪ್ಪತ್ತೆಂಟು. ಊರಿನ ವ್ಯಾಲಿಡಿಟಿಯೂ ಅಷ್ಟೇ ಇತ್ತು.

ನಿನ್ನೆ ರಾತ್ರಿ ಅವರು ಜಗುಲಿಯಿಂದ ತಲೆಯೆತ್ತಿ, ಕೈ ಮೇಲೆತ್ತಿ ನಿಂತ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು:

'ಏನ್ ಸಾರ್, ನೈಟ್ ಶಿಫ್ಟಾ?'