ಮಂಡಿ ವ್ಯಾಪಾರ

2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೋಬಾಲ್ಟ್-ಕ್ರೋಮಿಯಂ ಕೃತಕ ಮಂಡಿಗೆ 54,720 ರೂಪಾಯಿಯ ಮಿತಿ ಹಾಕಿತ್ತು. ಆ ಧೈರ್ಯದ ಮೇಲೆ ರಾಮಣ್ಣ ಬೆಂಗಳೂರಿನ ಆಸ್ಪತ್ರೆಯೊಂದರ ಬಿಲ್ ಕೌಂಟರಿಗೆ ಕುಂಟುತ್ತಾ ಬಂದರು.

"ಅರಿವಳಿಕೆಗೆ ಎಷ್ಟಮ್ಮಾ?"

"ಯಾವ ರೂಮು ಸಾರ್? ಜನರಲ್ ವಾರ್ಡಿಗೊಂದು ರೇಟು, ಡೀಲಕ್ಸಿಗೊಂದು."

"ಡೀಲಕ್ಸಿಗೆ ಬೇರೆ ಔಷಧಿನಾ?"

"ಔಷಧಿ ಅದೇ, ಡಾಕ್ಟ್ರೂ ಅವ್ರೇ, ಥಿಯೇಟರೂ ಅದೇ."

"ಮತ್ತೆ ಜಾಸ್ತಿ ಯಾಕೆ?"

"ರೂಮಲ್ಲಿ ಟಿವಿ ದೊಡ್ದು ಸಾರ್."

"ಹೋಗ್ಲಿ, ವಿಮೆ ಇದೆ."

"ರೂಮು ಪಾಲಿಸಿ ಮಿತಿ ಮೀರಿದ್ರೆ ಅರಿವಳಿಕೆ ಫೀಸಲ್ಲೂ ಅದೇ ಲೆಕ್ಕದಲ್ಲಿ ಕಡಿತ."

"ಆಪರೇಷನ್ ಅಲ್ಲೂ ಶುರುವಾಯ್ತಾ! ಪೂರ್ತಿ ಮಲಗಿಸ್ತೀರೋ?"

"ಇಲ್ಲ, ಬೆನ್ನಿಗೆ ಇಂಜೆಕ್ಷನ್. ಸೊಂಟದ ಕೆಳಗೆ ಏನು ಕೊಯ್ದರೂ ಗೊತ್ತಾಗಲ್ಲ."

ರಾಮಣ್ಣ ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಂಡರು. "ಇದೂ ಅಲ್ಲೇ ಇದೆಯಲ್ಲಮ್ಮಾ?"

"ಅದಕ್ಕೆ ಬೇರೆ ಚಾರ್ಜಿಲ್ಲ ಸಾರ್."