ಫೆಂಗಲ್ ಬತ್ತಾ ಅದೆ

2024ರ ಡಿಸೆಂಬರ್ 1, ಕೊಣನೂರಿನ ಟೀ ಅಂಗಡಿ. ಕುಯ್ದ ರಾಗಿ ಹೊಲದಲ್ಲೇ ಬಿದ್ದಿದೆ. ಚಂಡಮಾರುತ ಮೊಬೈಲಿನಲ್ಲಿ ಬಣ್ಣಬಣ್ಣವಾಗಿ ಸುತ್ತುತ್ತಿದೆ.

"ರಾತ್ರಿ ಪುದುಚೇರಿ ಹತ್ರ ದಡ ಮುಟ್ತಂತೆ ಕಣಣ್ಣೋ!"

"ಮುಟ್ಲಿ ಬಿಡು. ನಮಗೆಲ್ಲಿಯ ಸಮುದ್ರ? ಇರೋದು ಕಾವೇರಿ."

"ಮೋಡಕ್ಕೇನು ಬಸ್ ಚಾರ್ಜಾ? ಇಲ್ಲಿಗೂ ಬತ್ತದೆ. ಫೆಂಗಲ್ ಅಂತ ಹೆಸರು, ಸೌದಿಯೋರು ಕೊಟ್ಟಿದ್ದು."

"ನಾಮಕರಣ ಅವರದು, ಊಟಕ್ಕೆ ನಮ್ಮ ರಾಗಿ!"

"ಮೆದೆ ಒಟ್ಟಿ ಟಾರ್ಪಾಲು ಹೊದಿಸಬಾರ್ದಾ?"

"ರೇಟು ಕೇಳ್ದಾ? ಗಾಳಿ ಇನ್ನೂ ಪುದುಚೇರೀಲೇ ನಿಂತದೆ, ಟಾರ್ಪಾಲಿನ ರೇಟು ಆಗ್ಲೇ ಕೊಣನೂರಲ್ಲಿ ದಡ ಮುಟ್ಟಿದೆ!"

(ಈ ಮುನ್ಸೂಚನೆ ಮಾತ್ರ ಹವಾಮಾನ ಇಲಾಖೆಗೂ ಸಿಕ್ಕಿರಲಿಲ್ಲ.)

"ಕೂಲಿಯೋರನ್ನಾದ್ರೂ ಕರೆದ್ಯಾ?"

"ಅವರೂ ಮೊಬೈಲ್ ನೋಡ್ತಾವ್ರೆ. ಮಳೆ ಅಂತ ಗೊತ್ತಾಗಿ ಕೂಲಿ ಏರ್ಸವ್ರೆ."

"ಹಂಗಾದ್ರೆ ನೀನು ಮಾಡ್ಕೊಂಡ ಸಿದ್ಧತೆ ಏನಪ್ಪಾ?"

"ಸ್ಟೇಟಸ್ ಹಾಕಿವ್ನಿ: ಎಲ್ಲರೂ ಎಚ್ಚರವಾಗಿರಿ."