ಎಂಜಿಬಿ ಸುಧಾರಕ

ಎಂಜಿಬಿ ಸುಧಾರಕ ಇಂಗ್ಲೆಂಡಿನಲ್ಲಿ, ಅದರಲ್ಲೂ ಪಿಂಚಣಿ ಮತ್ತು ಗ್ಯಾರೇಜು ಎರಡೂ ಕೂಡಿಬಂದ ಊರುಗಳಲ್ಲಿ, ಹೇರಳವಾಗಿ ಕಾಣಸಿಗುತ್ತಾನೆ. ವಯಸ್ಸು ಅರವತ್ತರ ಆಸುಪಾಸು. ಎರಡು ಸೀಟಿನ, ಮಡಚುವ ಮಾಡಿನ ಕಾರೊಂದನ್ನು ಅದು ಹಳೆಯದೆಂಬ ಕಾರಣಕ್ಕೇ ಕೊಂಡು, ಆಮೇಲೆ ಅದರಲ್ಲಿ ಹಳೆಯದಾಗಿರುವುದನ್ನೆಲ್ಲ ಒಂದೊಂದಾಗಿ ಕಿತ್ತುಹಾಕುವುದು ಇವನ ಮುಖ್ಯ ಲಕ್ಷಣ.

ಕಾರಿನ ಬಗ್ಗೆ ತುಸು ತಿಳಿಯದೆ ಮನುಷ್ಯ ಅರ್ಥವಾಗುವುದಿಲ್ಲ. ಎಂಜಿಬಿ 1962ರಲ್ಲಿ ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್ ಕಾರ್ಖಾನೆಯಿಂದ ಹೊರಬಂತು. 1980ರಲ್ಲಿ ಕಾರೂ ನಿಂತಿತು, ಕಾರ್ಖಾನೆಗೂ ಬೀಗ ಬಿತ್ತು. ಗಟ್ಟಿ ಮಾಡಿನ ಜಿಟಿ ಮಾದರಿಯೂ ಸೇರಿ ಐದು ಲಕ್ಷಕ್ಕಿಂತ ಹೆಚ್ಚು ಕಾರುಗಳು ತಯಾರಾದವು. 1798 ಸಿಸಿ ಎಂಜಿನ್, ಸುಮಾರು 95 ಅಶ್ವಶಕ್ತಿ, ಎರಡು ಎಸ್‌ಯು ಕಾರ್ಬ್ಯುರೇಟರು. 1967ರ ವರೆಗೆ ಮೊದಲ ಗೇರಿಗೆ ಸಿಂಕ್ರೊಮೆಶ್ ಇರಲಿಲ್ಲ. ಸೀಟಿನ ಹಿಂದೆ, ಕೈಗೆ ಸುಲಭವಾಗಿ ಎಟುಕದಂತೆ, 6 ವೋಲ್ಟಿನ ಎರಡು ಬ್ಯಾಟರಿಗಳಿದ್ದವು. ಪೆಟ್ರೋಲ್ ಪಂಪು ಮುನಿಸಿಕೊಂಡರೆ ಇಳಿದುಹೋಗಿ ಸುತ್ತಿಗೆಯ ಹಿಡಿಯಿಂದ ಅದಕ್ಕೆ ಎರಡು ಏಟು ಕೊಡುವುದು ಸರ್ವಸಮ್ಮತ ಚಿಕಿತ್ಸೆ. ವಿದ್ಯುತ್ ಉಪಕರಣಗಳು ಲೂಕಸ್ ಕಂಪನಿಯವು. ಕಂಪನಿಯ ಸ್ಥಾಪಕ ಜೋಸೆಫ್ ಲೂಕಸ್‌ಗೆ ಹಳೆ ಕಾರಿನವರು ಕೊಟ್ಟ ಬಿರುದು ‘ಕತ್ತಲೆಯ ರಾಜಕುಮಾರ’.

ಸುಧಾರಣೆ ಸಣ್ಣದರಿಂದ, ತೀರಾ ನಿರಪರಾಧಿ ಕಾರಣದಿಂದ ಶುರುವಾಗುತ್ತದೆ. 2000ದ ಆರಂಭಕ್ಕೆ ಬ್ರಿಟನ್ನಿನ ಬಂಕುಗಳಿಂದ ಸೀಸ ಬೆರೆತ ಪೆಟ್ರೋಲ್ ಮಾಯವಾಯಿತು. ಸೀಸವಿಲ್ಲದ ಪೆಟ್ರೋಲಿಗೆ ಹಳೆಯ ವಾಲ್ವ್ ಸೀಟುಗಳು ಬೇಗ ಸವೆಯುತ್ತವೆ; ಆದ್ದರಿಂದ ಗಟ್ಟಿ ಉಕ್ಕಿನವನ್ನು ಹಾಕಿಸಲೇಬೇಕು. ಇದನ್ನು ಸುಧಾರಣೆ ಎನ್ನಲಾಗದು, ಸರಕಾರದ ಬಲವಂತ. ಹೇಗೂ ಬಾನೆಟ್ ತೆರೆದಿದೆಯಲ್ಲ, ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದರಾಯಿತು, ಹೊರಗೆ ಯಾರಿಗೂ ಕಾಣುವುದಿಲ್ಲ. ‘ಯಾರಿಗೂ ಕಾಣುವುದಿಲ್ಲ’ ಎಂಬುದು ಈ ಜಾತಿಯ ಬೀಜಮಂತ್ರ. ಮುಂದೆ ಲಿವರ್ ಡ್ಯಾಂಪರಿನ ಜಾಗಕ್ಕೆ ಟೆಲಿಸ್ಕೋಪಿಕ್ ಡ್ಯಾಂಪರು, ನಾಲ್ಕು ಗೇರಿನ ಪೆಟ್ಟಿಗೆಯ ಜಾಗಕ್ಕೆ ಐದು ಗೇರಿನದು. ಐದನೆಯ ಗೇರು ಬಂದ ಮೇಲೆ ಎಂಜಿನ್ ಸಾಲದು. ಎಂಜಿನ್ ದೊಡ್ಡದಾದ ಮೇಲೆ ಬ್ರೇಕ್ ಸಾಲದು. ಬ್ರೇಕ್ ದೊಡ್ಡದಾದ ಮೇಲೆ ಅದರ ಮೇಲೆ ಹಳೆಯ ಚಕ್ರ ಕೂರುವುದಿಲ್ಲ. ಕೊಂಡ ಬೆಲೆಯನ್ನು ಖರ್ಚು ದಾಟುವ ಹೊತ್ತಿಗೆ ಮೂಗಿಗಿಂತ ಮೂಗುತಿ ಭಾರವಾಗಿರುತ್ತದೆ. ರಸೀದಿಗಳನ್ನು ಇವನು ಹೆಂಡತಿಯ ಕೈಗೆ ಸಿಗದ ಕಡೆ ಜೋಪಾನ ಮಾಡುತ್ತಾನೆ.

ಮೊದಲು ಎರಡು ಕಾರ್ಬ್ಯುರೇಟರುಗಳ ಉಸಿರು ಸಮವಾಗಿದೆಯೇ ಎಂದು ತಿಳಿಯಲು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು ಆಲಿಸುತ್ತಿದ್ದ. ಈಗ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಲ್ಯಾಪ್‌ಟಾಪ್ ಜೋಡಿಸಿ ಗ್ರಾಫು ನೋಡುತ್ತಾನೆ. ಕಾರು ಒಂದೇ ಸಲಕ್ಕೆ ಶುರುವಾಗುತ್ತದೆ, ದಾರಿಯಲ್ಲಿ ನಿಲ್ಲುವುದಿಲ್ಲ. ಕಷ್ಟ ಶುರುವಾಗುವುದೂ ಇಲ್ಲಿಂದಲೇ. ಹಳೆ ಕಾರಿನವರು ಕೂಡುವುದೇ ಕಾರು ಎಲ್ಲೆಲ್ಲಿ ನಿಂತಿತು ಎಂದು ಹೇಳಿಕೊಳ್ಳಲಿಕ್ಕೆ. ಭಾನುವಾರ ಪಬ್ಬಿನ ಅಂಗಳದಲ್ಲಿ ಉಳಿದವರು ಮಳೆಯಲ್ಲಿ ತಂತಿ ಬಿಗಿದ ಸಾಹಸ ಹೇಳುವಾಗ ಇವನ ಹತ್ತಿರ ಹೇಳಲು ಏನೂ ಇರುವುದಿಲ್ಲ.

ಅದೇ ಅಂಗಳದಲ್ಲಿ ಇವನ ಜನ್ಮವೈರಿ ಮಡಿವಂತನೂ ಬಂದಿರುತ್ತಾನೆ. ಆಬಿಂಗ್ಡನ್ನಿನಲ್ಲಿ ಹಾಕಿದ ಸ್ಕ್ರೂ ಯಾವುದೋ ಅದೇ ಇರಬೇಕು, ಎಣ್ಣೆ ಸೋರುತ್ತಿದ್ದ ಕಡೆಯೇ ಸೋರಬೇಕು ಎನ್ನುವವನು. ಇವನ ಬಾನೆಟ್ಟಿನೊಳಗೆ ಒಮ್ಮೆ ಬಗ್ಗಿ ನೋಡಿ, ಶ್ರಾದ್ಧದ ಊಟದಲ್ಲಿ ಈರುಳ್ಳಿ ಕಂಡ ಪುರೋಹಿತನ ಮುಖ ಮಾಡಿ, ಏನೂ ಅನ್ನದೆ ಹೊರಟುಹೋಗುತ್ತಾನೆ. ಬೈದಿದ್ದರೆ ಸುಧಾರಕನಿಗೆ ಉತ್ತರ ಸಿದ್ಧವಿತ್ತು.

ಹಾಗಾದರೆ ಇದು ಇನ್ನೂ ಅದೇ ಕಾರೇ? ಈ ವೇದಾಂತದ ಪ್ರಶ್ನೆಯನ್ನು ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ ಬಹುಕಾಲ ಅಂಕ ಹಾಕಿ ಬಗೆಹರಿಸುತ್ತಿತ್ತು. ಕಾರಿನ ಒಡಲಿಗೆ 5 ಅಂಕ. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀಯರಿಂಗ್ ಒಂದೊಂದಕ್ಕೂ 2. ಎಂಜಿನ್‌ಗೆ ಕೇವಲ 1. ಒಟ್ಟು 14ರಲ್ಲಿ 8 ಉಳಿದರೆ ಹಳೆಯ ನಂಬರನ್ನು ಇಟ್ಟುಕೊಳ್ಳಬಹುದಿತ್ತು. ಒಡಲು ತಯಾರಕರಿಂದ ನೇರವಾಗಿ ಬಂದ ಹೊಚ್ಚಹೊಸದಾದರೂ ಐದಕ್ಕೆ ಐದು! ಸುಧಾರಕ ಈ ಲೆಕ್ಕವನ್ನು ಬಾಯಿಪಾಠ ಮಾಡಿದ್ದ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಹೋದರೂ 9 ಉಳಿಯುತ್ತದೆ. ಭುಜದ ನೋವಿಗೆ ಪವರ್ ಸ್ಟೀಯರಿಂಗ್ ಬೇಕಾಗಿತ್ತು, ಆದರೆ ಅದು ಬಂದರೆ 7. ಭುಜವೇ ನೋಯಲಿ ಎಂದು ತೀರ್ಮಾನಿಸಿದವರೇ ಹೆಚ್ಚು.

ಇಷ್ಟಾದರೂ ಇವನು ಮುಟ್ಟದ ಭಾಗವೊಂದಿದೆ, ಕ್ಯಾನ್ವಾಸ್ ಮಾಡು. ಅದು ಸೋರುತ್ತದೆ, ಗಾಳಿಗೆ ಪಟಪಟ ಬಡಿಯುತ್ತದೆ, ಮಡಚುವಾಗ ಬೆರಳು ಕಚ್ಚುತ್ತದೆ. ಹಳೆ ಕಾರೆಂದರೆ ಹಾಗೇ ಇರಬೇಕಪ್ಪಾ ಎಂದು ಸಂತೋಷಪಡುತ್ತಾನೆ.

ಬ್ರಿಟಿಷ್ ಎರಡು ಸೀಟಿನ ಕಾರುಗಳ ಸೊಗಸನ್ನು ಉಳಿಸಿ ಉಪದ್ರವವನ್ನು ಬಿಟ್ಟ ಕಾರೊಂದನ್ನು ಜಪಾನಿನ ಮಾಜ್ದಾ 1989ರಷ್ಟು ಹಿಂದೆಯೇ ಎಂಎಕ್ಸ್-5 ಎಂಬ ಹೆಸರಿನಲ್ಲಿ ತಂದಿತು. ಸುಧಾರಕನಿಗೆ ಇದು ಚೆನ್ನಾಗಿ ಗೊತ್ತು, ಏಕೆಂದರೆ ಇವನ ಐದು ಗೇರಿನ ಪೆಟ್ಟಿಗೆ ಬಂದದ್ದೂ ಅಂಥದೇ ಒಂದು ಕಾರಿನಿಂದ. ಅಂಥ ಇನ್ನೊಂದು ಕಾರು, ಇಡಿಯಾಗಿ, ಇವನ ಹೆಂಡತಿಯ ಬಳಿಯೇ ಇದೆ. ಗ್ಯಾರೇಜಿನಲ್ಲಿ ಜಾಗವಿಲ್ಲದೆ ಮಳೆಯಲ್ಲಿ ನೆನೆಯುತ್ತ ನಿಂತಿರುವ ಅದು ಬೆಳಗಾದರೆ ತಕರಾರಿಲ್ಲದೆ ಹೊರಡುತ್ತದೆ. ಅದರ ಸುದ್ದಿಯನ್ನು ಇವನು ಎಂದೂ ಎತ್ತುವುದಿಲ್ಲ.

ಇಂಥವನಿಂದ ಕಾರು ಕೊಳ್ಳಲು ಹೊರಟವರಿಗೆ ಒಂದು ಮಾತು. ಇವನು ಸುರಿದ ಹಣ ಬೆಲೆಯಲ್ಲಿ ಪೂರ್ತಿ ವಾಪಸು ಬರುವುದು ಅಪರೂಪ; ಆದ್ದರಿಂದ ಚೌಕಾಸಿಗೆ ಹೆದರಬೇಡಿ. ಕಿತ್ತ ಭಾಗಗಳನ್ನೆಲ್ಲ ಚೀಟಿ ಅಂಟಿಸಿದ ಡಬ್ಬಗಳಲ್ಲಿ ತುಂಬಿ ಅಟ್ಟದ ಮೇಲೆ ಇಟ್ಟಿರುತ್ತಾನೆ, ಅವನ್ನೂ ಕೇಳಿ ಪಡೆಯಿರಿ. ಮುಂದಿನ ಗಿರಾಕಿ ಮಡಿವಂತನಾಗಿರಬಹುದು.